ಹಳಿಯ ಕೆಳಗಿನ ಹಲಗೆ

ಮಾದರಿ ರೈಲಿನ ಹುಚ್ಚು ಹಿಡಿದವರಿಗೆ ಎಂಜಿನ್ ಕೊಳ್ಳಲು ದುಡ್ಡು ಎಲ್ಲಿಂದಲೋ ಹುಟ್ಟುತ್ತದೆ. ಹಳಿಗೂ ಹುಟ್ಟುತ್ತದೆ. ಅವೆರಡನ್ನೂ ಹೊರಬೇಕಾದ ಹಲಗೆಯ ಮಾತು ಬಂದಾಗ ಮಾತ್ರ, “ಅಟ್ಟದ ಮೇಲೆ ಹಳೇ ಮಂಚದ್ದು ಏನೋ ಇರಬೇಕಲ್ಲ” ಎನ್ನುತ್ತಾರೆ. ನಮ್ಮ ಕಡೆಯ ಗೊಂಬೆ ಹಬ್ಬದಲ್ಲೂ ಇದೇ ನ್ಯಾಯ. ಪಟ್ಟದ ಗೊಂಬೆಗೆ ಜರಿಸೀರೆ. ಅದು ನಿಲ್ಲುವ ಮೆಟ್ಟಿಲ ಅಡಿಯಲ್ಲಿ ಟ್ರಂಕು, ಅಕ್ಕಿ ಡಬ್ಬ, ಕುಂಟು ಸ್ಟೂಲು. ಮೇಲೊಂದು ಬಿಳಿ ಪಂಚೆ ಹೊದಿಸಿದರೆ ಮುಗಿಯಿತು. ಗೊಂಬೆಗಳು ಪಾಪ, ನಿಂತಲ್ಲೇ ನಿಲ್ಲುತ್ತವೆ. ರೈಲು ಓಡುವಂಥದ್ದು. ಹೆಚ್ಚು ಜನ ಬಳಸುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87ನೇ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿ.ಮೀ. ಜಾಗ. ಚಕ್ರ ಜಾರದಂತೆ ತಡೆಯುವ ಅಂಚು ಒಂದು ಮಿ.ಮೀ. ಆಸುಪಾಸು. ಹಲಗೆ ಇಷ್ಟೇ ಇಷ್ಟು ಸೊಟ್ಟಗಾದರೂ ಬೋಗಿ ಮಗುಚುತ್ತದೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋದರೆ ಪ್ಲೈವುಡ್ ಹಾಳೆ ಸಿಗುವುದು 8 ಅಡಿಗೆ 4 ಅಡಿ. ಎಷ್ಟೋ ಮಾದರಿ ರೈಲುಗಳ ಭೂಗೋಳ ತೀರ್ಮಾನವಾಗಿರುವುದೇ ಈ ಅಳತೆಯಿಂದ. ಗಟ್ಟಿಯಾಗಿರಲಿ ಎಂದು 18 ಮಿ.ಮೀ. ತಂದಿರೋ, ಒಂದೊಂದು ಹಾಳೆ ಸುಮಾರು 35 ಕೆ.ಜಿ. ತೂಗಿ, ಮೆಟ್ಟಿಲ ತಿರುವಿನಲ್ಲಿ ಮನೆಮಂದಿಯ ನಡುವೆ ಮಾತು ಬೆಳೆಯುತ್ತದೆ. ಅಡಿಯಲ್ಲಿ ಒಂದೂವರೆ ಅಡಿಗೊಂದು ರೀಪರ್ ಕೊಟ್ಟರೆ 12 ಮಿ.ಮೀ. ಧಾರಾಳ. ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ. ಅಂಗಡಿಯವರು ಐಎಸ್ 710 ಮುದ್ರೆಯ ಮರೈನ್ ಪ್ಲೈ ತೋರಿಸುತ್ತಾರೆ. ರೈಲೇನು ಸಮುದ್ರಕ್ಕಿಳಿಯುವುದಿಲ್ಲ, ಮಾಮೂಲಿ 303 ಸಾಕು ಎಂಬುದು ನನ್ನ ಮತ. ಗೆದ್ದಲಿನೊಡನೆ ಮನೆ ಹಂಚಿಕೊಂಡವರು ಬೇರೆ ಯೋಚಿಸಲಿ.

ಇದನ್ನೆಲ್ಲ ಬಡಗಿ ಆಚಾರ್ರಿಗೆ ವಿವರಿಸುವುದೇ ಒಂದು ಕೆಲಸ.

“ಮಂಚಾನಾ ಸಾರ್?”

“ಅಲ್ಲ ಆಚಾರ್ರೇ, ಇದರ ಮೇಲೆ ರೈಲು ಓಡುತ್ತೆ.”

ಕಿವಿಯ ಮೇಲಿನ ಪೆನ್ಸಿಲು ಕೆಳಗೆ ಬಂತು, ಮತ್ತೆ ಕಿವಿಗೇ ಹೋಯಿತು. “ಸರಿ, ಸನ್‌ಮೈಕಾ ಯಾವ ಕಲರ್?”

ಮೇಲೆ ಮಣ್ಣು, ಜಲ್ಲಿ, ಹುಲ್ಲು ಅಂಟಿಸುತ್ತೇವೆಂದು ತಿಳಿದಾಗ ಅವರಿಗೆ ನಿಜಕ್ಕೂ ಬೇಸರವಾಯಿತು. ಆದರೂ ರಸಮಟ್ಟವನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಗುಳ್ಳೆ ನಡುವೆ ಬಂದು ಕೂರುವವರೆಗೆ ಉಸಿರು ಬಿಡಲಿಲ್ಲ. ಪ್ರತಿ ಕಾಲಿನ ತುದಿಗೆ ಬೋಲ್ಟ್ ಕೂರಿಸಿ, ತಿರುಗಿಸಿದರೆ ಏರಿಳಿಯುವಂತೆ ಮಾಡಿದ್ದು ಅವರದೇ ಬುದ್ಧಿ. ಬೆಂಗಳೂರಿನ ಯಾವ ಮನೆಯ ನೆಲವೂ ಮಟ್ಟವಾಗಿರುವುದಿಲ್ಲ ಎಂಬುದು ಅವರ ಅನುಭವ.

ಹಲಗೆ ಬಂದ ಮೇಲೆ ಆಸೆ ಬೆಳೆಯುತ್ತದೆ. ಹುಬ್ಬಳ್ಳಿ ನಿಲ್ದಾಣ ಕಟ್ಟಿದರೆ ಹೇಗೆ? ಅಲ್ಲಿಯ ಪ್ಲಾಟ್‌ಫಾರಂ 1,507 ಮೀಟರ್, 2023ರಲ್ಲಿ ಉದ್ಘಾಟನೆಯಾದಾಗ ಜಗತ್ತಿಗೇ ಉದ್ದದ್ದೆಂದು ಹೆಸರಾಯಿತು. 87ರಿಂದ ಭಾಗಿಸಿ: 17 ಮೀಟರ್ ಚಿಲ್ಲರೆ. ಏಳು ಹಾಳೆ ಉದ್ದುದ್ದ ಜೋಡಿಸಿದರೂ ಸುಮಾರು ಒಂದಡಿ ಕಡಿಮೆ! ಸರಿ, ಸಕಲೇಶಪುರದ ಘಾಟಿಯೇ ಇರಲಿ ಎಂದರೆ ಅಲ್ಲಿಯ ಏರು 50ಕ್ಕೆ 1. ಒಂದು ರೈಲು ಇನ್ನೊಂದರ ತಲೆಯ ಮೇಲೆ ಹಾಯಲು ಮೂರು ಅಂಗುಲ ಎತ್ತರ ಬೇಕು. ಅಷ್ಟು ಏರಲು ಹನ್ನೆರಡೂವರೆ ಅಡಿ ಓಡಬೇಕು. ಜೊತೆಗೆ ಘಾಟಿಯಲ್ಲಿ ಹಳಿಯ ಕೆಳಗೂ ಕಣಿವೆಯಿದೆ. ಚಪ್ಪಟೆ ಹಲಗೆಯಲ್ಲಿ ಗುಡ್ಡ ಏರಿಸಬಹುದು, ಕಣಿವೆ ಇಳಿಸಲಾಗದು. ಅದಕ್ಕೆ ಬಲ್ಲವರು ಹಾಳೆಯನ್ನೇ ಬಿಟ್ಟು ಬರೀ ಚೌಕಟ್ಟು ಕಟ್ಟಿ, ಹಳಿ ಹೋಗುವಷ್ಟು ಅಗಲದ ಪಟ್ಟಿಯನ್ನು ಬೇಕಾದ ಎತ್ತರಕ್ಕೆ ಊರುಗೋಲು ಕೊಟ್ಟು ನಿಲ್ಲಿಸುತ್ತಾರೆ.

ಇನ್ನು ಮನುಷ್ಯನ ಕೈ. ಎಷ್ಟು ಚಾಚಿದರೂ ಎರಡೂವರೆ ಅಡಿ. ನಾಲ್ಕಡಿ ಹಲಗೆಯನ್ನು ಗೋಡೆಗೆ ಒತ್ತಿಟ್ಟರೆ ಆಚೆಯ ಒಂದೂವರೆ ಅಡಿ ಪರರಾಜ್ಯ. ರೈಲು ಹಳಿ ತಪ್ಪುವುದು ಖಂಡಿತ ಅಲ್ಲೇ. ಕೆಲವರು ನಡುವೆ ತೂತು ಕೊರೆದು, ಅಡಿಯಿಂದ ತೆವಳಿ ಬಂದು ಹಳ್ಳಿಗಳ ನಡುವೆ ನರಸಿಂಹನಂತೆ ಎದ್ದು ನಿಲ್ಲುತ್ತಾರೆ. ಮೊಣಕಾಲು ಗಟ್ಟಿಯಿರುವವರೆಗೆ ಇದು ಚೆಂದ.

ಸಿದ್ಧ ಹಲಗೆ ಕೊಳ್ಳಬಹುದಲ್ಲ ಎನ್ನುತ್ತೀರಿ. ಬ್ರಿಟನ್ನಿನಲ್ಲಿ ಲೇಸರ್‌ನಿಂದ ಕತ್ತರಿಸಿದ ಪ್ಲೈ ತುಂಡುಗಳು ಪೆಟ್ಟಿಗೆಯಲ್ಲೇ ಬರುತ್ತವೆ, ಅಂಟು ಹಾಕಿ ಜೋಡಿಸಿದರಾಯಿತು. ಅಮೆರಿಕದಲ್ಲಿ 9 ಮಿ.ಮೀ. ಹಳಿಯ ಪುಟ್ಟ ರೈಲಿನವರು ಒಳಗೆ ಟೊಳ್ಳಿರುವ ಹಗುರ ಬಾಗಿಲನ್ನೇ ಕೊಂಡು ಮಲಗಿಸುತ್ತಾರೆ, ಜಾಣತನದ ಕೆಲಸ. ನಾವು ಪರದೇಶದಿಂದ ಮರದ ತುಂಡು ತರಿಸಿ ಸಾಗಣೆ, ಸುಂಕ ಕಟ್ಟುವುದು ಶುದ್ಧ ದಂಡ.

ಆಚಾರ್ರನ್ನೇ ಕರೆಯಿರಿ. ನಾಲ್ಕಡಿಗೆ ಎರಡಡಿಯ ತುಂಡುಗಳಾಗಿ ಮಾಡಿಸಿ, ನಡುವೆ ಬೋಲ್ಟ್ ಹಾಕಿಸಿ. ಅದಕ್ಕೂ ಮೊದಲು ಕೋಣೆಯ ಬಾಗಿಲ ಅಗಲ ಅಳೆಯಿರಿ. ಬಾಡಿಗೆ ಕರಾರು ಇರುವುದು ಹನ್ನೊಂದು ತಿಂಗಳಿಗೆ; ಪಶ್ಚಿಮಘಟ್ಟ ಕಟ್ಟಿ ಮುಗಿಸಲು ಅದು ಸಾಲುವುದಿಲ್ಲ.