ಗ್ರಂಥ ಜಾತಕದ ಮೇಷ್ಟ್ರು

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೋ ಬೇಡವೋ ಎಂಬುದೇ ಎಲ್ಲರ ಬಾಯಲ್ಲಿತ್ತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಊಟದ ನೆನಪೇ ಇರಲಿಲ್ಲ. ಬೆಳಿಗ್ಗೆ ಪುಸ್ತಕ ಮಳಿಗೆಗೆ ಹೊಕ್ಕವರು ಸಂಜೆ ಹೊರಬಿದ್ದಾಗ ಒಂದು ಕೈಚೀಲದಲ್ಲಿ ಧರ್ಮ, ಇನ್ನೊಂದರಲ್ಲಿ ರಾಜಕೀಯ. ವಾಪಸು ಬರುವಾಗ ಬಸ್ಸಿನಲ್ಲಿ ಎರಡೂ ಚೀಲ ಹರಿದು ಧರ್ಮ, ರಾಜಕೀಯ ಬೆರೆತುಹೋದವು. "ಬಿಡಿ ಸಾರ್, ಇದೇನು ಹೊಸದಾ?" ಅಂತ ಕಂಡಕ್ಟರೇ ಆರಿಸಿಕೊಟ್ಟನಂತೆ.

ಮೇಷ್ಟ್ರು ಪುಸ್ತಕ ಕೊಳ್ಳುವುದು ಜೋಡಿ ಲೆಕ್ಕದಲ್ಲಿ. ಸಾವರ್ಕರರ 'ಹಿಂದುತ್ವ' ಕೊಂಡರೆ ಅದೇ ಬಿಲ್ಲಿನಲ್ಲಿ ಅಂಬೇಡ್ಕರರ 'ಜಾತಿ ವಿನಾಶ'ವೂ ಬರಬೇಕು. ಯಾರಿಗೂ ಅನ್ಯಾಯವಾಗಬಾರದು. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟ 15 ಸಂಪುಟಗಳದ್ದು. ಅದರಲ್ಲಿ ಒಂದು ಸಿಗದೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡುತ್ತಿದ್ದಾರೆ. ಉಳಿದವುಗಳಿಗೆ ಇನ್ನೂ ಕಟ್ಟಿದ ದಾರ ಬಿಚ್ಚಿಲ್ಲ.

"ರೀ, ಧರ್ಮ ಅಟ್ಟದ ಮೇಲಿದೆ, ರಾಜಕೀಯ ಮಂಚದ ಕೆಳಗಿದೆ. ಮೊಮ್ಮಗು ಬಂದರೆ ತೊಟ್ಟಿಲು ಎಲ್ಲಿ ಕಟ್ಟೋಣ?" ಎಂದು ಮನೆಯವರು ಕೇಳಿದರೆ, "ಮಧ್ಯಮ ಮಾರ್ಗ ಇದೆಯಲ್ಲೇ" ಎಂದು ನಡುಮನೆ ತೋರಿಸುತ್ತಾರೆ.

ಇವರು ಓದುವುದಿಲ್ಲ ಎಂದರೆ ನಾಲಿಗೆಗೆ ಹುಳು ಬೀಳುತ್ತೆ. ಓದುತ್ತಾರೆ, ಮುನ್ನುಡಿಯನ್ನು. ಅರಿಕೆಯನ್ನು. ಬೆನ್ನುಡಿಯನ್ನು ಎರಡು ಸಲ. ಹಾಗಾಗಿ ಪ್ರತಿ ಗ್ರಂಥದ ಜಾತಕ ಅವರ ನಾಲಿಗೆ ತುದಿಯಲ್ಲಿದೆ. ಗಾಂಧೀಜಿ 'ಹಿಂದ್ ಸ್ವರಾಜ್' ಬರೆದದ್ದು 1909ರಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೋಗುವ ಹಡಗಿನಲ್ಲಿ; ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಅದೇ 1909ರಲ್ಲಿ ಮೈಸೂರಿನ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿದರು. ತಂಜಾವೂರು ಕಡೆಯ ಪಂಡಿತರೊಬ್ಬರು ಅದರ ತಾಳೆಗರಿಯನ್ನು ತಂದು ಶಾಸ್ತ್ರಿಗಳಿದ್ದ ಗ್ರಂಥಾಲಯಕ್ಕೆ ಕೊಟ್ಟುಹೋಗಿದ್ದರು. ತಿಲಕರು 'ಗೀತಾರಹಸ್ಯ'ವನ್ನು ಮಂಡಾಲೆ ಜೈಲಿನಲ್ಲಿ ಪೆನ್ಸಿಲಿನಲ್ಲಿ ಬರೆದರು. ಮೇಷ್ಟ್ರ ಪ್ರಕಾರ ಅದನ್ನು ಮುಗಿಸಬೇಕಾದರೆ ಓದುಗನಿಗೂ ಸರ್ಕಾರ ಅಂಥದೇ ಅನುಕೂಲ ಮಾಡಿಕೊಡಬೇಕು.

ಮೊನ್ನೆ ಹೋಟೆಲಿನಲ್ಲಿ ಜಾತಿಯ ಮಾತು ಬಂದು ಇಬ್ಬರು ಮೇಜು ಗುದ್ದುತ್ತಿದ್ದರು. "ಮೇಷ್ಟ್ರೇ, ನೀವು ಓದಿದೋರು, ನೀವೇ ಹೇಳಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡ್ರಪ್ಪಾ, 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆದರು. ಭಾಷಣದ ಪ್ರತಿ ನೋಡಿ ಹೆದರಿ ಸಭೆಯನ್ನೇ ರದ್ದು ಮಾಡಿದರು. ಅಂಬೇಡ್ಕರರು ಬಿಟ್ಟಾರಾ? ಅದನ್ನೇ 'ಜಾತಿ ವಿನಾಶ' ಅಂತ ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು!"

"ಭೇಷ್! ಅದರಲ್ಲಿ ಏನು ಹೇಳಿದಾರೆ ಸಾರ್?"

ಮೇಷ್ಟ್ರು ಲೋಟ ಕೆಳಗಿಟ್ಟರು. "ಅದನ್ನ ನೀವೇ ಓದಬೇಕು. ನಾನು ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತೆ."

ಜಗಳ ಅಲ್ಲಿಗೇ ನಿಂತಿತು. ನಗಬೇಡಿ. ಮೇಜು ಗುದ್ದಿದ ಇಬ್ಬರಿಗೂ ಆ 1500ರ ಲೆಕ್ಕವೂ ಗೊತ್ತಿರಲಿಲ್ಲ. ಮುನ್ನುಡಿಯನ್ನೂ ಓದದೆ ಪೂರ್ತಿ ಅಭಿಪ್ರಾಯ ಇಟ್ಟುಕೊಂಡವರ ನಡುವೆ ಮುನ್ನುಡಿ ಮಾತ್ರ ಓದಿ ಅಭಿಪ್ರಾಯವೇ ಇಟ್ಟುಕೊಳ್ಳದ ಮನುಷ್ಯ ಮೇಲು. ಇದು ನನ್ನ ತೀರ್ಮಾನ.

ಪುಸ್ತಕ ಕೇಳಿದರೆ ಮೇಷ್ಟ್ರು ಧಾರಾಳವಾಗಿ ಕೊಡುತ್ತಾರೆ. ಒಂದೇ ಷರತ್ತು: ವಾಪಸು ತಂದಾಗ ಕೂತು, ಒಳಗೆ ಏನಿದೆ ಎಂದು ಅವರಿಗೆ ಹೇಳಬೇಕು. ಕಾಫಿ ಅವರದೇ. ಹೋಗುವುದಾದರೆ ಮೊದಲು 'ಹಿಂದ್ ಸ್ವರಾಜ್' ಕೇಳಿ, ತೆಳ್ಳಗಿದೆ. 'ಗೀತಾರಹಸ್ಯ'ಕ್ಕೆ ಕೈ ಹಾಕಬೇಡಿ.