ಮುಂದಿನ ಸೀಟಿನಲ್ಲಿ ಮಾಡದಕೆರೆ

ನಮ್ಮ ಹೊಸದುರ್ಗದ ಕಡೆ ಟೂರು ಅಂದರೆ ಅದಕ್ಕೊಂದು ಕಟ್ಟುಪಾಡಿದೆ. ಕೊಬ್ಬರಿ ತಿಪಟೂರಿಗೆ ಹೋಗಿ ದುಡ್ಡಾಗಿ ವಾಪಸ್ ಬಂದ ಮೇಲೆ ನೆಂಟರಿಷ್ಟರನ್ನೆಲ್ಲ ಸೇರಿಸಿ ಟೆಂಪೋ ಟ್ರಾವೆಲರ್ ಒಂದನ್ನು ಗೊತ್ತುಮಾಡಬೇಕು. ನಸುಕಿನಲ್ಲೇ ಹೊರಟು ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ ಮುಗಿಸಿ ಶೃಂಗೇರಿ ಮೇಲೆ ತಿರುಗಬೇಕು. ನೆರಳು ಕಂಡಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಬೇಕು. ಈ ಯಾತ್ರೆಯಲ್ಲಿ ದೇವರ ನಂತರದ ಸ್ಥಾನ ಡ್ರೈವರನದು. ಅವನ ಊಟ ಮೊದಲು, ಅವನ ಕಾಫಿಗೆ ಸಕ್ಕರೆ ಎಷ್ಟೆಂದು ಹೆಂಗಸರೆಲ್ಲರಿಗೂ ಗೊತ್ತು. ಘಾಟಿಯಲ್ಲಿ ಅವನಿಗೆ ತೂಕಡಿಕೆ ಬಾರದಂತೆ ಪಕ್ಕದಲ್ಲಿ ಕೂತು ಮಾತಾಡಿಸುವುದಕ್ಕೆ ಒಬ್ಬ ಹಿರಿಯರು ಬೇಕು. ಮಾಡದಕೆರೆಯ ನಮ್ಮ ಮನೆಯಲ್ಲಿ ಆ ಹುದ್ದೆ ತಲೆತಲಾಂತರದಿಂದ ಅಪ್ಪನದು.

ಹೀಗಾಗಿ ಅಪ್ಪ, ಅಮ್ಮ, ಹೆಂಡತಿ, ಮಗಳನ್ನು ಕರೆದುಕೊಂಡು ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಹೋಗುವುದು, ಅಲ್ಲಿ ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸುವುದು ಎಂದು ತೀರ್ಮಾನವಾದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಡ್ರೈವರ್ ಯಾರು?" ನಾನೇ ಅಂದೆ. ಇಂಗ್ಲಿಷಿನಲ್ಲಿ ಅಚ್ಚಾದ ನಮ್ಮ ಲೈಸೆನ್ಸೇ ಅಲ್ಲಿ ನಡೆಯುತ್ತದೆ, ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು ಎಂದೆಲ್ಲ ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಡ್ರೈವರ್ ಭತ್ಯೆ ಉಳೀತು. ಮುಂದಿನ ಸೀಟಿಗೆ ನಾನು ಕೂತ್ಕತೀನಿ" ಅಂದರು.

ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿ ಬಂದು ಬರೆದ ಪುಸ್ತಕದ ಹೆಸರು 'ಅಮೆರಿಕಾದಲ್ಲಿ ಗೊರೂರು'. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕಕ್ಕೆ ಹೋದದ್ದು ಲೇಖಕರೋ ಹೇಮಾವತಿ ದಡದ ಅವರ ಊರೋ ಎಂದು ನನಗೆ ಮೊದಲಿನಿಂದ ಅನುಮಾನವಿತ್ತು. ಅಪ್ಪನನ್ನು ಕರೆದುಕೊಂಡು ಹೋದ ಮೇಲೆ ಪರಿಹಾರವಾಯಿತು. ಊರೇ ಹೋಗುವುದು. ಟಿಕೆಟ್ ಮಾತ್ರ ಮನುಷ್ಯರ ಹೆಸರಿನಲ್ಲಿರುತ್ತದೆ.

ಊರು ಹೋಗುತ್ತದೆ ಎಂಬುದನ್ನು ಮೊದಲು ಪತ್ತೆ ಹಚ್ಚಿದವರು ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದ ಅಧಿಕಾರಿಗಳು. ಹೊರಗಿನ ಹುಳು, ಬೀಜ, ಮಣ್ಣು ತಮ್ಮ ದೇಶದೊಳಗೆ ಬಾರದಂತೆ ಅವರು ಕಾಯುವ ಪರಿ ನೋಡಿದರೆ, ನಮ್ಮ ಮಡಿ ಅಜ್ಜಿಯರಿಗೂ ಹೊಟ್ಟೆಕಿಚ್ಚಾದೀತು. ತಂದ ತಿಂಡಿಯನ್ನು ಫಾರಂನಲ್ಲಿ ಬರೆಯದೆ ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ನನ್ನ ಹೆಂಡತಿ ಎಲ್ಲವನ್ನೂ ಬರೆದಿದ್ದಳು: ರಾಗಿ ಹಿಟ್ಟು, ಚಟ್ನಿಪುಡಿ, ಸಾರಿನ ಪುಡಿ, ಚಕ್ಕುಲಿ. ಆಕೆಗೂ ತಿಳಿಯದಂತೆ ಅಮ್ಮನ ಸೀರೆಯ ಮಡಿಕೆಯೊಳಗೆ ಒಂದು ಗಂಟು ಇತ್ತು. ಬಿಚ್ಚಿದರೆ ಸೋರೆ ಬೀಜ, ಅವರೆ ಬೀಜ. "ಯಾರಾದ್ರೂ ನಮ್ಮೋರು ಸಿಕ್ಕಿದ್ರೆ ಹಿತ್ತಲಿಗೆ ಹಾಕ್ಕಳ್ಲಿ ಅಂತ" ಎಂದರು ಅಮ್ಮ. ಫಾರಂ ನೋಡುವ ಮುಂಚೆಯೇ ಅಮ್ಮ ತಾವಾಗಿ ಗಂಟನ್ನು ಮೇಜಿನ ಮೇಲಿಟ್ಟಿದ್ದರಿಂದ ದಂಡ ತಪ್ಪಿತು, ಬೀಜ ಮಾತ್ರ ಅಲ್ಲೇ ಉಳಿಯಿತು. ಆಮೇಲೆ ಅಪ್ಪನ ಬೂಟು. ಅದರ ಅಡಿಯಲ್ಲಿ ನಮ್ಮ ತೋಟದ ಮಣ್ಣು ಅಂಟಿತ್ತು. ಅಧಿಕಾರಿ ಅದನ್ನು ಒಳಗೆ ಒಯ್ದು ತೊಳೆದು, ಒರೆಸಿ, ಎರಡೂ ಕೈಯಲ್ಲಿ ತಂದುಕೊಟ್ಟರು. "ಮಾವನ ಮನೇಲೂ ಇಂಥ ಮರ್ಯಾದೆ ಸಿಕ್ಕಿರ್ಲಿಲ್ಲ" ಎಂದು ಅಪ್ಪ ಅದನ್ನು ಇವತ್ತಿಗೂ ನೆನೆಯುತ್ತಾರೆ.

ರಸ್ತೆಗೆ ಬಿದ್ದೆವು. ಮಗಳನ್ನು ಮಕ್ಕಳ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಲೇಬೇಕೆಂಬ ಕಾನೂನು ಅಮ್ಮನಿಗೆ ಸರಿಬರಲಿಲ್ಲ. ತೊಡೆಯಿರುವಾಗ ಸೀಟು ಯಾಕೆ ಎಂಬುದು ಅವರ ವಾದ. ಊರ ಹೊರಗೆ ಗಂಟೆಗೆ 100 ಕಿಲೋಮೀಟರ್ ಮಿತಿ, ಗುಂಡಿಯಿಲ್ಲದ ರಸ್ತೆ, ಯಾರೂ ಹಾರ್ನ್ ಹೊಡೆಯುವುದಿಲ್ಲ. ಈ ಕೊನೆಯದು ಅಪ್ಪನನ್ನು ಬಹಳ ಕಾಡಿತು. ಲಾರಿಯ ಬೆನ್ನ ಮೇಲೆ 'ಹಾರ್ನ್ ಮಾಡಿ' ಎಂದು ಬರೆಸಿಕೊಂಡು ತಿರುಗುವ ನಾಡಿನವರು ನಾವು. ತಿರುವು ಬಂದಾಗಲೆಲ್ಲ ಅಪ್ಪನ ಬಲಗೈ ತಾನಾಗಿ ಸ್ಟೀರಿಂಗಿನ ಕಡೆ ಚಾಚುತ್ತಿತ್ತು.

ಅಪ್ಪನಿಗೆ ತುಂಬ ಹಿಡಿಸಿದ್ದು ಒಂಟಿ ಸೇತುವೆಗಳು. ಆ ಕಡೆಯ ಹೆದ್ದಾರಿಗಳಲ್ಲೂ ಎಷ್ಟೋ ಕಡೆ ಹೊಳೆ ದಾಟಲು ಒಂದೇ ಗಾಡಿ ಹಿಡಿಸುವ ಸೇತುವೆ ಇರುತ್ತದೆ. ಮುಂಚೆಯೇ ಒಂದು ಫಲಕ: ಒಂದು ದೊಡ್ಡ ಬಾಣ, ಒಂದು ಸಣ್ಣ ಕೆಂಪು ಬಾಣ. ದೊಡ್ಡ ಬಾಣದ ದಿಕ್ಕಿನವರು ಮೊದಲು ದಾಟುತ್ತಾರೆ, ಸಣ್ಣ ಬಾಣದವರು ನಿಂತು ದಾರಿ ಬಿಡುತ್ತಾರೆ. ಪೊಲೀಸರಿಲ್ಲ, ಬಯ್ಗುಳವಿಲ್ಲ. ದಾಟಿದವರು ಸ್ಟೀರಿಂಗ್ ಮೇಲಿಂದ ಎರಡು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಎದುರಿನಿಂದ ಹಾಲಿನ ಟ್ಯಾಂಕರ್ ಒಂದು ಬಂದು, ತನ್ನದು ಸಣ್ಣ ಬಾಣವೆಂದು ನಮ್ಮ ಪುಟ್ಟ ಕಾರಿಗಾಗಿ ನಿಂತಾಗ ಅಪ್ಪ ಕೈ ಮುಗಿದರು.

ಫೇರ್ಲಿ ದಾಟಿದ ಮೇಲೆ ಮೆಕೆಂಜಿ ಸೀಮೆ. ವಿಶಾಲವಾದ ಬಯಲು, ದೂರದಲ್ಲಿ ಹಿಮದ ಬೆಟ್ಟಗಳು, ಎಲ್ಲಿ ನೋಡಿದರೂ ಕುರಿ. 1982ರಲ್ಲಿ ಈ ದೇಶದಲ್ಲಿ ಏಳು ಕೋಟಿ ಕುರಿಗಳಿದ್ದವು, ಆಗ ತಲೆಗೆ ಇಪ್ಪತ್ತೆರಡು ಕುರಿಯ ಲೆಕ್ಕ. ಈಗ ಎರಡೂವರೆ ಕೋಟಿಗೂ ಕಮ್ಮಿ. ಉಣ್ಣೆಗೆ ಬೆಲೆಯಿಲ್ಲ, ಹಲವರು ಹಸು ಕಟ್ಟಿ ಹಾಲಿಗೆ ತಿರುಗಿದ್ದಾರೆ. ಅಪ್ಪನಿಗೆ ಇದನ್ನು ಹೇಳಿದೆ. "ನಮ್ಮ ಚಳ್ಳಕೆರೆ ಕಂಬಳಿಯೋರ ಗೋಳೇ ಇವರಿಗೂ ಬಂತೇನು" ಎಂದು ನಿಟ್ಟುಸಿರು ಬಿಟ್ಟರು. ಈ ಸೀಮೆಗೆ ಹೆಸರು ಬಂದದ್ದು ಜೇಮ್ಸ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನವನಿಂದ. ಅವನೇನು ರಾಜನಲ್ಲ, ಪಾಳೆಯಗಾರನಲ್ಲ. 1855ರಲ್ಲಿ ಸಾವಿರ ಕುರಿ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದವನು. ಜೊತೆಗೆ ಫ್ರೈಡೇ ಎಂಬ ಜಾಣ ನಾಯಿ. ಮರುವರ್ಷವೇ ಅವನಿಗೆ ಕ್ಷಮೆ ಸಿಕ್ಕಿತು, ನಾಡಿಗೇ ಅವನ ಹೆಸರಾಯಿತು. "ನಮ್ಮ ಕಡೆ ಕುರಿ ಕದ್ದೋನ ಹೆಸರು ಸ್ಟೇಷನ್ ಬೋರ್ಡಿನಲ್ಲಿರ್ತೈತೆ, ಇಲ್ಲಿ ಭೂಪಟದಲ್ಲೈತೆ ನೋಡು!" ಎಂದ ಅಪ್ಪ, ಟೆಕಪೋ ಸರೋವರದ ದಡದಲ್ಲಿರುವ ಕುರಿನಾಯಿಯ ಕಂಚಿನ ಪ್ರತಿಮೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಲ್ಲೇ 1935ರ ಪುಟ್ಟ ಕಲ್ಲಿನ ಚರ್ಚೊಂದಿದೆ. ಜಗತ್ತಿನ ಪ್ರವಾಸಿಗರೆಲ್ಲ ಅದರ ಮುಂದೆ ಸಾಲು ನಿಂತಿದ್ದರು. ನಾಯಿಯ ಮುಂದೆ ನಾವೇ.

ದಾರಿಯ ಎರಡೂ ಬದಿ ಲುಪಿನ್ ಹೂ, ನೇರಳೆ, ಗುಲಾಬಿ ಬಣ್ಣದ ಕದಿರು ಕದಿರಾಗಿ. ಜನ ಕಾರು ನಿಲ್ಲಿಸಿ ಅದರ ನಡುವೆ ಹೋಗಿ ಕೂರುತ್ತಾರೆ. ಅಲ್ಲಿನ ಪರಿಸರದವರು ಮಾತ್ರ ಇದು ಹೊರಗಿನಿಂದ ಬಂದ ಕಳೆ, ಹೊಳೆಯ ಪಾತ್ರವನ್ನೆಲ್ಲ ಆವರಿಸುತ್ತದೆಂದು ತಲೆ ಚಚ್ಚಿಕೊಳ್ಳುತ್ತಾರೆ. ಮೇಜಿನ ಮೇಲೆ ಬಿಟ್ಟುಬಂದ ಸೋರೆ ಬೀಜದ ನ್ಯಾಯ ಅಮ್ಮನಿಗೆ ಇಲ್ಲಿ ಅರ್ಥವಾಯಿತು. ಆದರೂ "ಸೋರೆ ಬಳ್ಳಿ ಹಂಗೆಲ್ಲ ಹಬ್ಬಲ್ಲ ಕಣಪ್ಪ" ಎಂದು ಗೊಣಗದೆ ಬಿಡಲಿಲ್ಲ.

ಪುಕಾಕಿ ಸರೋವರದ ನೀಲಿಯನ್ನು ವರ್ಣಿಸಲು ಹೋಗುವುದಿಲ್ಲ. ಹಿಮನದಿ ಬಂಡೆಯನ್ನು ಅರೆದು ಮಾಡಿದ ನುಣ್ಣನೆ ಹುಡಿ ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ. ಅದರಾಚೆ 3,724 ಮೀಟರಿನ ಅವೊರಾಕಿ ಬೆಟ್ಟ. ಅಮ್ಮ ಮಾತಾಡದೆ ನೋಡಿದರು. ಅಪ್ಪ, "ಕೋಡಿ ಎಲ್ಲೈತೆ?" ಎಂದರು.

ನಗುವ ಹಾಗಿಲ್ಲ. ವಾಣಿ ವಿಲಾಸ ಸಾಗರದ ಕಡೆಯವರಿಗೆ ಕೋಡಿ ಅಂದರೆ ಸಣ್ಣ ಮಾತಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ 1898ರಲ್ಲಿ ಶುರುವಾದ ಅಣೆಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ. ನಡುವೆ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ಕೋಡಿ ಕಾಣದೆ ತೀರಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ. 2022ರಲ್ಲಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತು. ಅಂಥವರನ್ನು ತುಂಬಿದ ಸರೋವರದ ಮುಂದೆ ನಿಲ್ಲಿಸಿದರೆ ಬೇರೇನು ಕೇಳಿಯಾರು?

ಟೆಕಪೋದ ಸುತ್ತಿನ ಸೀಮೆಯನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. ಬೀದಿದೀಪಗಳನ್ನು ಮಂದ ಮಾಡಿ, ಮುಚ್ಚಳ ಹಾಕಿ ಕತ್ತಲನ್ನು ಕಾಪಾಡುತ್ತಾರೆ. ಆ ಕತ್ತಲು ನೋಡಲು ಜನ ದುಡ್ಡು ಕೊಡುತ್ತಾರೆ. "ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾಯ್ಕಂಡು ಪಂಪ್‌ಸೆಟ್ ಹತ್ರ ಕೂತೋರೆಲ್ಲ ಪುಕ್ಕಟೆ ನೋಡಿದೀವಲ್ಲ" ಎಂದ ಅಪ್ಪನನ್ನು ಒತ್ತಾಯದಿಂದ ಹೊರಗೆ ಕರೆದೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆಗೆ. ಸಂಜೆ ದೀಪ ಹಚ್ಚುವುದು ಯಾವಾಗ ಎಂಬುದು ಅಮ್ಮನ ಇನ್ನೊಂದು ಬಗೆಹರಿಯದ ಪ್ರಶ್ನೆ. ಹನ್ನೊಂದರ ಮೇಲೆ ಆಕಾಶ ಪೂರಾ ಕಪ್ಪಾಯಿತು. ಮಳೆ ನಕ್ಷತ್ರಗಳನ್ನು ಬೆರಳಿನ ಗೆಣ್ಣಿನಲ್ಲಿ ಎಣಿಸುವ ಅಪ್ಪ ಮೃಗಶಿರ, ಆರಿದ್ರೆಗಳನ್ನು ಹುಡುಕಿದರು. ಸಿಕ್ಕವು, ಆದರೆ ತಲೆಕೆಳಗಾಗಿ. ದಕ್ಷಿಣ ಗೋಳದಲ್ಲಿ ಅವು ಹಾಗೆಯೇ ಕಾಣುವುದು. ಅಪ್ಪ ಕತ್ತು ತಿರುಗಿಸಿ ತಿರುಗಿಸಿ ನೋಡಿ, "ಆರಿದ್ರೆ ಹಿಂಗೆ ಮಗುಚಿಕೊಂಡ್ರೆ ಇವರಿಗೆ ಬಿತ್ನೆ ಯಾವಾಗ ಅಂತ ಹೆಂಗೆ ಗೊತ್ತಾಗ್ತೈತೆ?" ಎಂದು ಚಿಂತೆಗೆ ಬಿದ್ದರು.

ಊಟದ ವಿಷಯ. ಆ ನಾಡಿನ ಹೆಮ್ಮೆಯೆಲ್ಲ ಕುರಿಮಾಂಸ, ಮೀನು, ಮಾಂಸ ತುಂಬಿದ ಪೈಗಳಲ್ಲಿದೆ. ನಮ್ಮದು ಸಸ್ಯಾಹಾರದ ಮನೆ. ಫಿಶ್ ಅಂಡ್ ಚಿಪ್ಸ್ ಅಂಗಡಿಗೆ ಹೋಗಿ ಫಿಶ್ ಬಿಟ್ಟು ಚಿಪ್ಸ್ ಮಾತ್ರ ಕೇಳುವ ಗಿರಾಕಿಗಳು. ಆದರೂ ಉಪವಾಸ ಬೀಳಲಿಲ್ಲ. ಚೀಸ್ ಹಾಕಿ ಬೇಯಿಸಿದ ಸ್ಕೋನು, ತರಕಾರಿ ಪೈ, ಮಗಳಿಗೆ ಟಾಫಿ ಚೂರು ಬೆರೆತ ಹೋಕಿ ಪೋಕಿ ಐಸ್‌ಕ್ರೀಮು. ಹೋಟೆಲೊಂದರಲ್ಲಿ ಕುಮರಾ ಎಂಬ ಕೆಂಪನೆ ತುಂಡುಗಳನ್ನು ತಂದಿಟ್ಟರು. ಮಾವೊರಿ ಜನರ ಪೂರ್ವಿಕರು ನೂರಾರು ವರ್ಷಗಳ ಹಿಂದೆ ದೋಣಿಗಳಲ್ಲಿ ತಂದು ಬೆಳೆಸಿದ್ದು. ಅಮ್ಮ ಒಂದು ಬಾಯಿಗಿಟ್ಟು, "ಗೆಣಸು!" ಎಂದು ಕೂಗಿಬಿಟ್ಟರು. ದೋಣಿಯಲ್ಲಿ ಬಂದ ಗೆಡ್ಡೆಗೆ ಯಾರೂ ದಂಡ ಹಾಕಲಿಲ್ಲವೇ ಎಂದು ಆಮೇಲೆ ಕೇಳಿದರು. ನ್ಯಾಯವಾದ ಪ್ರಶ್ನೆ.

ಅಲ್ಲಿನ ಮೋಟೆಲ್‌ಗಳಲ್ಲಿ ಒಲೆ, ಪಾತ್ರೆ ಇಟ್ಟಿರುತ್ತಾರೆ. ಮೂರು ಹೊತ್ತೂ ಬ್ರೆಡ್ಡು ನೋಡಿ ಸುಸ್ತಾದ ಅಪ್ಪನಿಗಾಗಿ ಅಮ್ಮ ಮುದ್ದೆಗೆ ಇಳಿದರು. ಮುದ್ದೆ ಕೋಲಿಲ್ಲ, ಮರದ ಸೌಟಿನ ಹಿಂಬದಿಯಲ್ಲೇ ತಿರುವಿದರು. ಪಾಲಕ್ ಬೇಯಿಸಿ ಬಸಿದು ಬಸ್ಸಾರು. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದದ್ದೇ ತಡ, ಚಾವಣಿಯಲ್ಲಿದ್ದ ಹೊಗೆ ಪತ್ತೆಹಚ್ಚುವ ಯಂತ್ರ ಕಿರುಚತೊಡಗಿತು. ಹೆಂಡತಿ ಟವೆಲ್ ಹಿಡಿದು ಅದಕ್ಕೆ ಗಾಳಿ ಬೀಸಿದಳು, ನಾನು ಕಿಟಕಿ ತೆಗೆದೆ. ಅಪ್ಪ ಮಾತ್ರ ತಟ್ಟೆಯಿಂದ ತಲೆಯೆತ್ತಲಿಲ್ಲ.

ಒಮರಾಮ ದಾಟಿ ಲಿಂಡಿಸ್ ಕಣಿವೆ ಏರಿದಾಗ ಹಸಿರು ಮಾಯ. ಮರವಿಲ್ಲದ ಬೋಳು ಗುಡ್ಡಗಳ ಮೇಲೆ ಹೊಂಬಣ್ಣದ ಹುಲ್ಲು, ಬಿಸಿ ಗಾಳಿ. ಅಪ್ಪ ನೆಟ್ಟಗೆ ಕೂತರು. "ಇದು ನಮ್ಮೂರು! ಫ್ಯಾನ್ ಯಾಕೆ ಹಾಕಿಲ್ಲ ಇಲ್ಲಿ?" ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನಾವು ಫ್ಯಾನ್ ಎನ್ನುತ್ತೇವೆ. ಮುಂದಿನ ಸೆಂಟ್ರಲ್ ಒಟಾಗೋ ಆ ದೇಶದ ಒಣ ಸೀಮೆ. ಅಲೆಕ್ಸಾಂಡ್ರಾ ಊರಿಗೆ ವರ್ಷಕ್ಕೆ 400 ಮಿಲಿಮೀಟರಿಗೂ ಕಡಿಮೆ ಮಳೆ. ನಮಗೆ 600ರ ಆಸುಪಾಸು. ಈ ಲೆಕ್ಕ ಕೇಳಿ ಅಪ್ಪ ನಂಬಲೇ ಇಲ್ಲ. ಯಾಕೆಂದರೆ ಸುತ್ತ ಚೆರ್ರಿ, ಏಪ್ರಿಕಾಟ್ ತೋಟಗಳು ತುಂಬಿ ತೂಗುತ್ತಿದ್ದವು, ಪ್ರತಿ ಗಿಡದ ಬುಡಕ್ಕೂ ಡ್ರಿಪ್ ಪೈಪು. ಪಕ್ಕದಲ್ಲಿ ಡನ್‌ಸ್ಟನ್ ಸರೋವರ, ಕ್ಲೈಡ್ ಅಣೆಕಟ್ಟೆಯ ಹಿನ್ನೀರು. 1992-93ರಲ್ಲಿ ಅದು ತುಂಬಿದಾಗ ಕ್ರಾಮ್‌ವೆಲ್ ಊರಿನ ಹಳೆ ಪೇಟೆ ಮುಳುಗಿತು. ಇದನ್ನು ಹೇಳಿದಾಗ ಅಪ್ಪ ತಲೆಯಾಡಿಸಿದರಷ್ಟೆ. ಮಾರಿಕಣಿವೆಯ ಹಿನ್ನೀರು ನಮ್ಮ ಹೊಸದುರ್ಗ ತಾಲ್ಲೂಕಿನ ಕಡೆಗೇ ಬರುವುದು. ಆ ಕಥೆ ಅವರಿಗೆ ಹೇಳಿಕೊಡಬೇಕಾಗಿಲ್ಲ.

ತೋಟವೊಂದರ ಗೇಟಿನಲ್ಲಿ ಚೆರ್ರಿಯ ಪೊಟ್ಟಣಗಳನ್ನು ಜೋಡಿಸಿಟ್ಟು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ ಇಟ್ಟಿದ್ದರು. ಮಾರುವವರಿಲ್ಲ. ಅಮ್ಮ ಅತ್ತಿತ್ತ ನೋಡಿ, "ಚೌಕಾಸಿ ಯಾರ ಹತ್ರ ಮಾಡೋದು?" ಎಂದರು. ಬೆಲೆಯನ್ನು ಡಬ್ಬಿಗೆ ಹಾಕಿದ ಮೇಲೂ ಕೊಸರಿಗೆ ಎರಡು ಹಣ್ಣು ಕೇಳಲು ಯಾರಾದರೂ ಬಂದಾರೆಂದು ಸ್ವಲ್ಪ ಹೊತ್ತು ಕಾದರು.

ಮಿಲ್‌ಫರ್ಡ್ ಸೌಂಡಿಗೆ ಹೋಗುವ ದಾರಿಯಲ್ಲಿ ಹೋಮರ್ ಸುರಂಗ. 1935ರಲ್ಲಿ ಕೆಲಸವಿಲ್ಲದ ಬಡವರ ಕೈಗೆ ಗುದ್ದಲಿ, ತಳ್ಳುಗಾಡಿ ಕೊಟ್ಟು ಶುರುಮಾಡಿದ್ದು. ವಾಹನಗಳಿಗೆ ತೆರೆದದ್ದು 1954ರಲ್ಲಿ. ಸುರಂಗದ ಬಾಯಲ್ಲಿ ಸಿಗ್ನಲಿಗೆ ಕಾಯುವಾಗ ಕೆಯಾ ಎಂಬ ಬೆಟ್ಟದ ಗಿಳಿಗಳು ಕಾರಿನ ಮೇಲೆ ಇಳಿದು ವೈಪರಿನ ರಬ್ಬರ್ ಕಿತ್ತು ತಿನ್ನುತ್ತವೆ. "ದುರ್ಗದ ಕೋಟೆ ಕೋತಿಗಳೇ ವಾಸಿ, ಬಾಳೆಹಣ್ಣಿಗೆ ಬಿಟ್ಬಿಡ್ತಾವೆ" ಎಂದು ಅಪ್ಪ ಗಾಜು ಬಡಿದು ಓಡಿಸಿದರು. ಆಚೆ ಬಾಗಿಲಲ್ಲಿ ಮಳೆ. ಮಿಲ್‌ಫರ್ಡಿನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮೇಲೆ ಬೀಳುತ್ತದೆ. ನಮ್ಮ ಹತ್ತು ವರ್ಷದ ಮಳೆ. ಕಡಿದಾದ ಬಂಡೆಗಳ ಮೇಲಿಂದ ಎಣಿಸಲಾಗದಷ್ಟು ಜಲಪಾತಗಳು ಸೀದಾ ಸಮುದ್ರಕ್ಕೆ ಬೀಳುತ್ತಿದ್ದವು. ದೋಣಿಯ ತುಂಬ ಜನ ಫೋಟೋ ತೆಗೆಯುತ್ತಿದ್ದರು. ಅಪ್ಪ ಸಂಕಟದಿಂದ ನೋಡುತ್ತಿದ್ದರು. "ಭದ್ರಾ ಮೇಲ್ದಂಡೆಗೆ ಐದು ಸಾವಿರದ ಮುನ್ನೂರು ಕೋಟಿ ಅಂತ 2023ರ ಬಜೆಟ್‌ನಾಗೆ ಹೇಳಿದ್ರು. ನಾವು ಕಾಲುವೆ ನೋಡ್ತಾ ಕೂತಿದೀವಿ. ಇಲ್ಲಿ ನೋಡು, ಕೇಳೋರಿಲ್ಲ." ಮೊಮ್ಮಗಳು ಅವರ ಕೈ ಜಗ್ಗಿ, "ತಾತ, ನಲ್ಲಿ ನಿಲ್ಲಿಸೋಕೆ ಹೇಳು" ಅಂದಳು.

ಊರಿಗೆ ಬಂದ ಮೇಲೆ ಮಾಡದಕೆರೆಯ ಟೀ ಅಂಗಡಿಯಲ್ಲಿ ಅಪ್ಪನ ಪ್ರವಾಸ ಕಥನ ಬಹಳ ದಿನ ನಡೆಯಿತು. ಹಿಮದ ಬೆಟ್ಟವನ್ನು ಯಾರೂ ಕೇಳಲಿಲ್ಲ. ಡ್ರಿಪ್ ಪೈಪಿಗೆ ಅಲ್ಲಿ ಸಬ್ಸಿಡಿ ಉಂಟೇ, ಕುರಿಯ ತುಪ್ಪಟ ಕತ್ತರಿಸುವವರಿಗೆ ದಿನಗೂಲಿಯೋ ತಲೆಗಿಷ್ಟೆಂದೋ, ಇವೇ ವಿಚಾರಣೆ. ಅಪ್ಪ ಗೊತ್ತಿದ್ದಷ್ಟು ಹೇಳಿ, ಕಡೆಗೆ ಒಂಟಿ ಸೇತುವೆಗೆ ಬಂದರು. ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಎರಡು ಬಾಣ ಗೀಚಿ, ಟ್ಯಾಂಕರ್ ನಮಗಾಗಿ ನಿಂತ ಕಥೆಯನ್ನು ವಿಸ್ತಾರವಾಗಿ ಹೇಳಿದರು. ಲೋಟ ತಿರುಗಿಸುತ್ತ ಕೂತಿದ್ದ ಲಾರಿ ಡ್ರೈವರೊಬ್ಬರು ಪೂರ್ತಿ ಕೇಳಿ, "ಅದ್ರಾಗೇನೈತೆ ಯಜಮಾನ್ರೇ, ನಮ್ಮಲ್ಲೂ ಅದೇ ರೂಲು. ನನ್ ಲಾರಿ ದೊಡ್ಡ ಬಾಣ, ನಿಮ್ ಟಿವಿಎಸ್ಸು ಸಣ್ಣ ಬಾಣ" ಎಂದು ಎದ್ದು ಹೋದರು.