ಅಗಿದು ಕುಡಿಯುವ ಟೀ

ಮಂಡ್ಯದ ಕಡೆ ಮುದ್ದೆ ಅಗಿಯುವ ಅತಿಥಿಯನ್ನು ಕಂಡರೆ ಮನೆಯ ಹಿರಿಯರು ತಮ್ಮ ಊಟ ನಿಲ್ಲಿಸಿ ನೋಡುತ್ತಾರೆ. ಗಟ್ಟಿಯಾದದ್ದನ್ನೂ ನುಂಗಬೇಕು ಎನ್ನುವುದು ಅಲ್ಲಿಯ ಶಿಸ್ತು. ತೈವಾನಿನವರದು ಇದರ ತಿರುಗುಮುರುಗು. ನೀರಾಗಿರುವುದನ್ನೂ ಅಗಿಯಲೇಬೇಕೆಂದು ಹಟ ಹಿಡಿದು, ಟೀ ಲೋಟದ ತಳಕ್ಕೆ ಮರಗೆಣಸಿನ ಗೋಲಿಗಳನ್ನು ಸುರಿದರು. ಅದೇ ಬಬಲ್ ಟೀ. ಈಗ ಇಂದಿರಾನಗರ, ಕೋರಮಂಗಲಗಳಲ್ಲಿ ಅದಕ್ಕೂ ಅಂಗಡಿಗಳಿವೆ. ಅಲ್ಲಿ ಬಿಲ್ ಕೊಟ್ಟು ಬಂದವರು ಮನೆಗೆ ಬಂದು ಮಾಡುವ ಮೊದಲ ಘೋಷಣೆ: "ಇದನ್ನ ನಾವೇ ಮಾಡ್ಕೋಬಹುದು ಕಣ್ರೀ!"

ಮೊದಲು ಮಾಡಿದವರು ಯಾರೆಂಬುದೇ ದೊಡ್ಡ ತಕರಾರು. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಟೀ ಅಂಗಡಿಯ ಪ್ರಕಾರ, 1988ರಲ್ಲಿ ಸಿಬ್ಬಂದಿಯ ಸಭೆಯೊಂದರಲ್ಲಿ ಲಿನ್ ಶಿಯು-ಹುಯಿ ಎಂಬಾಕೆ ತಾನು ತಂದಿದ್ದ ಮರಗೆಣಸಿನ ಸಿಹಿತಿಂಡಿಯನ್ನು ತಣ್ಣನೆಯ ಟೀಗೆ ಸುರಿದುಕೊಂಡು ಕುಡಿದರು. ಆಫೀಸಿನ ಸಭೆಯಿಂದ ಜಗತ್ತಿಗೆ ಉಪಯೋಗವಾದ ಅಪರೂಪದ ಪ್ರಸಂಗ ಇದಿರಬೇಕು. ಇಲ್ಲ, 1986ರಲ್ಲೇ ನಾವು ಮಾಡಿದ್ದೆವು ಎಂದಿತು ತೈನಾನಿನ ಹಾನ್‌ಲಿನ್ ಟೀ ಅಂಗಡಿ. ಹತ್ತು ವರ್ಷ ಕೋರ್ಟು ಅಲೆದರು. ಇದಕ್ಕೆ ಪೇಟೆಂಟ್ ಇಲ್ಲ, ಯಾವ ಅಂಗಡಿಯವರು ಬೇಕಾದರೂ ಮಾಡಬಹುದು, ಆದ್ದರಿಂದ ಮೊದಲು ಯಾರು ಎಂಬ ಚರ್ಚೆಯೇ ಬೇಡ ಎಂದು 2019ರಲ್ಲಿ ತೀರ್ಪಾಯಿತು.

ಯಾರು ಬೇಕಾದರೂ ಮಾಡಬಹುದು ಎಂದ ನ್ಯಾಯಾಧೀಶರು ಗೋಲಿ ಉರುಳಿಸಿದ್ದರೋ ಇಲ್ಲವೋ!

ಮರಗೆಣಸಿನ ಪಿಷ್ಟ ನಮ್ಮ ಅಡುಗೆಮನೆಗೆ ಹೊಸದೇನಲ್ಲ. ಪಾಯಸಕ್ಕೂ ಸಂಡಿಗೆಗೂ ಹೋಗುವ ಸಬ್ಬಕ್ಕಿ ಅದರದೇ ಕೂಸು. ಅದನ್ನು ರಾಶಿಗಟ್ಟಲೆ ತಯಾರಿಸುವ ಸೇಲಂ ನಮಗೆ ಪಕ್ಕದ ಊರು. ಆ ಧೈರ್ಯದ ಮೇಲೆ ಸಬ್ಬಕ್ಕಿಯನ್ನೇ ಬೇಯಿಸಿ ಹಣ್ಣಿನ ಟೀಗೆ ಹಾಕುವವರಿದ್ದಾರೆ. ಅವರಿಗೆ ಸಿಗುವುದು ತಣ್ಣನೆಯ ಪಾಯಸ. ಏಕಾದಶಿಗೆ ಆದೀತು, ಬಬಲ್ ಟೀಗೆ ಆಗದು. ಅದಕ್ಕೆ ಬೇಕಾದ ಗೋಲಿ ದಪ್ಪಗಿರಬೇಕು, ಹಲ್ಲಿಗೆ ಸಿಕ್ಕು ಪುಟಿಯಬೇಕು.

ಪಿಷ್ಟ 100 ಗ್ರಾಂ, ಬೆಲ್ಲ 50 ಗ್ರಾಂ, ನೀರು ಸುಮಾರು 60 ಮಿಲಿ ಲೀಟರ್. ಬೆಲ್ಲದ ನೀರು ಕೊತಕೊತ ಕುದಿಯುವಾಗಲೇ ಸ್ವಲ್ಪ ಪಿಷ್ಟ ಹಾಕಿ ಉಕ್ಕರಿಸಿ, ಆಮೇಲೆ ಉಳಿದದ್ದನ್ನು ಸೇರಿಸಿ ನಾದಬೇಕು. ನೀರು ಬರೀ ಬೆಚ್ಚಗಿದ್ದರೆ ಪಿಷ್ಟ ಬೇಯುವುದಿಲ್ಲ, ಹಿಟ್ಟು ಕೂಡಿಕೊಳ್ಳುವುದಿಲ್ಲ. ಆಗ ಪಾತ್ರೆಯಲ್ಲಿ ವಿಚಿತ್ರ ಪದಾರ್ಥವೊಂದು ಅವತರಿಸುತ್ತದೆ: ಗುದ್ದಿದರೆ ಕಲ್ಲು, ಬಿಟ್ಟರೆ ನೀರು. ಇಂಥವು ನ್ಯೂಟನ್ನನ ಮಾತು ಕೇಳದ ದ್ರವಗಳೆಂದು ಭೌತಶಾಸ್ತ್ರದವರು ಸಮಾಧಾನವಾಗಿ ಹೇಳುತ್ತಾರೆ. ಅಡುಗೆಮನೆಯಲ್ಲಿ ನಿಂತವರು ಅದಕ್ಕೆ ಇಡುವ ಹೆಸರುಗಳು ಅಚ್ಚಿಗೆ ಯೋಗ್ಯವಲ್ಲ. ಹಿಟ್ಟು ಸರಿಯಾಗಿ ಬಂತೆನ್ನಿ, ಆಗ ಕಡಲೆ ಗಾತ್ರದ ಗೋಲಿ ಮಾಡುವ ಸೇವೆ ಶುರು. ನಾಲ್ಕು ಲೋಟಕ್ಕೆ ಆಗುವಷ್ಟು ಉರುಳಿಸುವಷ್ಟರಲ್ಲಿ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಗಿರುತ್ತದೆ. ಹತ್ತಿರ ಬಂದು ಕೂತ ಮಕ್ಕಳು ಅಡಿಕೆ ಗಾತ್ರದವನ್ನೂ ಸಾಸಿವೆ ಗಾತ್ರದವನ್ನೂ ಕಾಣಿಕೆ ಕೊಟ್ಟು ಎದ್ದು ಹೋಗಿರುತ್ತಾರೆ.

ಬೇಯಿಸುವಾಗಲೂ ನೀರು ಕುದಿಯುತ್ತಿರಬೇಕು. ಮರಗೆಣಸಿನ ಪಿಷ್ಟದಿಂದ ಕಾರ್ಖಾನೆಗಳು ಅಂಟು ಮಾಡುತ್ತವೆ; ಗೋಲಿಗಳನ್ನು ತಣ್ಣೀರಿಗೆ ಹಾಕಿ ಒಲೆ ಹಚ್ಚಿದರೆ ಮನೆಯಲ್ಲೂ ಆಗುತ್ತದೆ. ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ ಇನ್ನಷ್ಟು ಹೊತ್ತು ಬಿಟ್ಟು, ಆಮೇಲೆ ಬೆಲ್ಲದ ಪಾಕಕ್ಕೆ ಇಳಿಸಬೇಕು. ನಾಳೆಗೆ ಇರಲಿ ಎಂದು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಮತ್ತೆ ಬಿಗಿದುಕೊಂಡು ಗೋಲಿ ಗಟ್ಟಿಯಾಗುತ್ತದೆ. ಒಳ್ಳೆಯ ಅಂಗಡಿಗಳು ಬೇಯಿಸಿದ ಗೋಲಿಯನ್ನು ನಾಲ್ಕಾರು ಗಂಟೆಯಲ್ಲಿ ಖರ್ಚು ಮಾಡುತ್ತವೆ, ಇಲ್ಲವೇ ಎಸೆಯುತ್ತವೆ. ಬಿಲ್ ನೋಡಿ ಕಣ್ಣರಳಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟಾದ ಮೇಲೆ, ಹಣ್ಣಿನ ಬಬಲ್ ಟೀ ಬೇಕೆನ್ನುವವರಿಗೆ ಹಣ್ಣು. ಹಣ್ಣಿನದು ಸುಲಭ ಎಂದುಕೊಂಡವರಿಗೆ ಅನಾನಸ್ ಪಾಠ ಕಲಿಸುತ್ತದೆ. ಅದರ ಹುಳಿಗೆ ಹಾಲು ಒಡೆಯುತ್ತದೆ, ಅದರೊಳಗಿನ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸಿ ಕಹಿ ಮಾಡುತ್ತದೆ. ಕಿವಿಹಣ್ಣಿನದೂ ಇದೇ ಬುದ್ಧಿ. ಆದ್ದರಿಂದ ಹುಳಿ ಹಣ್ಣಿಗೆ ಹಾಲಿಲ್ಲದ ಟೀಯೇ ಸರಿ. ತೈವಾನಿನಲ್ಲಿ ಪ್ಯಾಷನ್ ಫ್ರೂಟ್ ತಿರುಳನ್ನು ಗ್ರೀನ್ ಟೀಗೆ ಹಾಕಿ ಐಸ್ ಜೊತೆ ಕುಲುಕಿ ಕೊಡುತ್ತಾರೆ. ನಮ್ಮ ಕೊಡಗಿನಲ್ಲೂ ಬೆಳೆಯುವ ಹಣ್ಣದು. ಅಲ್ಲಿಂದ ಬರುವವರು ಶರಬತ್ತಿನ ಬಾಟಲಿ ತರುವುದನ್ನು ಬಿಟ್ಟು ಹಣ್ಣನ್ನೇ ತಂದರೆ ಒಳ್ಳೆಯದು. ಗ್ರೀನ್ ಟೀಗೆ ಕುದಿನೀರು ಹಾಕಬಾರದು, 80 ಡಿಗ್ರಿ ಸಾಕು. ಹಾಲಿಗೆಂದೇ ಹುಟ್ಟಿದ ನಮ್ಮ ಡಸ್ಟ್ ಟೀ ಇಲ್ಲಿ ಬರೀ ಒಗರು.

ಕಚ್ಚಿದರೆ ಒಡೆದು ರಸ ಚಿಮ್ಮುವ ಗೋಲಿಯ ಜಾತಿಯೇ ಬೇರೆ. ಸ್ಪೇನಿನ ಎಲ್ ಬುಯಿ ಹೋಟೆಲಿನ ಫೆರಾನ್ ಆಡ್ರಿಯಾ 2003ರ ಸುಮಾರಿಗೆ ಜನಪ್ರಿಯ ಮಾಡಿದ ವಿದ್ಯೆ ಅದು. ಕಂದು ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟನ್ನು ಹಣ್ಣಿನ ರಸಕ್ಕೆ ಬೆರೆಸಿ, ಕ್ಯಾಲ್ಸಿಯಂ ಕರಗಿಸಿದ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಮೇಲೊಂದು ತೆಳು ಸಿಪ್ಪೆ ಕಟ್ಟುತ್ತದೆ. ರಸ ತೀರಾ ಹುಳಿಯಿದ್ದರೆ ಆಲ್ಜಿನೇಟ್ ಅಲ್ಲೇ ಗಂಟು ಕಟ್ಟುತ್ತದೆ. ಫೋನ್ ಬಂತೆಂದು ಹೊರಗೆ ಹೋದರೆ ಗೋಲಿ ಒಳಗೂ ಗಟ್ಟಿಯಾಗಿ, ಒಡೆಯುವ ಪ್ರಶ್ನೆಯೇ ಇರುವುದಿಲ್ಲ. ಡಬ್ಬಿಯಲ್ಲಿ ಕೊಳ್ಳುವುದೇ ಜಾಣತನ.

ಇನ್ನು ಅಂಗಡಿಯ ಕಡೆ. ಸಕ್ಕರೆ ನೂರು, ಎಪ್ಪತ್ತು, ಐವತ್ತು, ಮೂವತ್ತು, ಸೊನ್ನೆ ಎಂದು ಶೇಕಡಾವಾರು ಕೇಳುತ್ತಾರೆ. ದರ್ಶಿನಿಯಲ್ಲಿ "ಶುಗರ್ ಕಮ್ಮಿ" ಎಂದು ಕೂಗಿ ರೂಢಿಯಾದವರು ಐವತ್ತು ಎಂದರೆ ಕ್ಷೇಮ. ಬೈಟು ಮಾತ್ರ ಕೇಳಬಾರದು. ಟೀ ಅರ್ಧ ಮಾಡಬಹುದು, ಗೋಲಿ ಎಣಿಸಿ ಹಂಚಲು ಕೂತರೆ ಸಂಸಾರ ಒಡೆದೀತು. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದ್ದರಿಂದ ದಪ್ಪನೆಯ ಕಾಗದದ ಸ್ಟ್ರಾ ಬಂದಿದೆ. ಅದು ಲೋಟದ ಮೇಲಿನ ಬಿಗಿ ಹಾಳೆಯನ್ನು ತೂತು ಮಾಡುವಾಗಲೇ ಅರ್ಧ ಸೋತಿರುತ್ತದೆ. ಕೊನೆಯ ಐದಾರು ಗೋಲಿಗಳ ಹೊತ್ತಿಗೆ ಮೆತ್ತಗಾಗಿ ಶರಣಾಗುತ್ತದೆ. ಆಮೇಲೆ ಸುತ್ತ ನೋಡಿ, ಲೋಟ ಎತ್ತಿ, ತಳಕ್ಕೆ ತಟ್ಟುವುದೊಂದೇ ದಾರಿ.

ಮನೆಯಲ್ಲಾದರೆ ಚಮಚ ಕೊಡಿ, ಸಂಕೋಚ ಬೇಡ. ಚಿಕ್ಕ ಮಕ್ಕಳ ಲೋಟಕ್ಕೆ ಮಾತ್ರ ಗೋಲಿ ಹಾಕಬೇಡಿ. ಜೋರಾಗಿ ಎಳೆದದ್ದು ನೇರ ಶ್ವಾಸನಾಳಕ್ಕೆ ಹೋಗಬಹುದೆಂದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲೇ ಎಚ್ಚರಿಸಿತ್ತು. ಅವರಿಗೆ ಹಣ್ಣಿನ ರಸ ಸಾಕು, ಟೀಯೂ ಬೇಡ.